ದೊಡ್ಡ ಹೆಸರಿನ ಹಂಬಲ

ಓದುಗರ ಪತ್ರ: ಮಾನ್ಯ ಸಂಪಾದಕರೇ, ಮಂಡ್ಯದ ನಾವು ಆರು ಜನ ಗೆಳೆಯರು ಕಾಲೇಜು ದಿನಗಳಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳು. ತಂಡದ ಮ್ಯಾನೇಜರ್ (ಮುಖ್ಯ ತರಬೇತುದಾರ) ಆಗಿದ್ದ ಸರ್ ಅಲೆಕ್ಸ್ ಫರ್ಗುಸನ್ 2013ರಲ್ಲಿ ನಿವೃತ್ತರಾದ ಮೇಲೆ ಬಂದ ಮ್ಯಾನೇಜರುಗಳು ಒಬ್ಬರ ಹಿಂದೊಬ್ಬರು ಹೋದದ್ದನ್ನು ಕಂಡು ಬೇಸತ್ತಿದ್ದೇವೆ. ಮುಂದೆ ಬರುವವರು ಯೂರೋಪಿನ ಅಗ್ರ ಕ್ಲಬ್ಬುಗಳು ಸೆಣಸುವ ಚಾಂಪಿಯನ್ಸ್ ಲೀಗ್ ಗೆದ್ದ ದೊಡ್ಡ ಹೆಸರಿನವರೇ ಆಗಿರಬೇಕು, ಹಣ ಎಷ್ಟಾದರೂ ಆಗಲಿ ಎಂಬುದು ನನ್ನ ವಾದ. ಕ್ಲಬ್ಬಿನ ಒಳಗಿನವರನ್ನೇ ಬೆಳೆಸಬೇಕು ಎನ್ನುವ ಗೆಳೆಯನೊಡನೆ ಇದೇ ವಿಚಾರಕ್ಕೆ ಮಾತು ಬಿಟ್ಟಿದ್ದೇನೆ. ತೀರ್ಪನ್ನು ತಾವೇ ಹೇಳಬೇಕು. ಅಷ್ಟಕ್ಕೂ ಅಭಿಮಾನಿಗಳ ಮತಕ್ಕೆ ಹಾಕಿಯೇ ಮ್ಯಾನೇಜರನ್ನು ಏಕೆ ಆರಿಸಬಾರದು? (ಒಬ್ಬ ಓದುಗ, ವಿದ್ಯಾನಗರ, ಮಂಡ್ಯ)

ಸಂಪಾದಕರ ಉತ್ತರ: ಮಿತ್ರರೇ, ಈ ಪುಟಕ್ಕೆ ಬರುವ ಪತ್ರಗಳಲ್ಲಿ ಒಳಚರಂಡಿ, ದಸರಾ ಪಾಸು, ನಾಮಫಲಕದ ಕನ್ನಡ ಇವುಗಳದ್ದೇ ಮೇಲುಗೈ. ಫುಟ್‌ಬಾಲಿನ ಪತ್ರ ಅಪರೂಪವಾದ್ದರಿಂದ ನಿಮ್ಮದನ್ನು ಕಚೇರಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿಸಿದೆ. ಓದಿ ಮುಗಿಯುವಷ್ಟರಲ್ಲಿ ಪುಟವಿನ್ಯಾಸದವರು ನಿಮ್ಮ ಪಕ್ಷ, ಕರಡು ತಿದ್ದುವವರು ನಿಮ್ಮ ಗೆಳೆಯನ ಪಕ್ಷ ಎಂದಾಗಿ, ಇಲ್ಲಿಯೂ ಮಾತು ಬಿಡುವ ಲಕ್ಷಣ ಕಾಣಿಸಿತು. ಇಂಗ್ಲೆಂಡಿನ ತಂಡಕ್ಕೆ ಯಾರು ಗುರುವಾದರೆ ಸಕ್ಕರೆ ನಾಡಿನವರಿಗೇನು ಎಂದು ಮೂಗು ಮುರಿಯುವ ಹಿರಿಯರ ಸಾಲಿಗೆ ನಾನು ಸೇರಿದವನಲ್ಲ. ತನಗೆ ಬಿಡಿಗಾಸಿನ ಲಾಭವೂ ಇಲ್ಲದ ಸಂಗತಿಯ ಬಗ್ಗೆ ಒಬ್ಬ ಮನುಷ್ಯ ಇಷ್ಟು ತಲೆ ಕೆಡಿಸಿಕೊಳ್ಳಬಲ್ಲನೆಂದರೆ ಅವನಲ್ಲಿ ಏನೋ ಒಳ್ಳೆಯದಿದೆ ಎಂದೇ ನನ್ನ ಎಣಿಕೆ.

ಮೊದಲು ನಿಮ್ಮ ಪಕ್ಷಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡುತ್ತೇನೆ. ಯೂರ್ಗನ್ ಕ್ಲಾಪ್ 2015ರಲ್ಲಿ ಲಿವರ್‌ಪೂಲಿಗೆ ಬರುವಾಗ ಡಾರ್ಟ್‌ಮಂಡಿನಲ್ಲಿ ಎರಡು ಬಾರಿ ಜರ್ಮನ್ ಲೀಗ್ ಗೆದ್ದು ಹೆಸರಾಗಿದ್ದವರು. ಅವರು 2019ರಲ್ಲಿ ಚಾಂಪಿಯನ್ಸ್ ಲೀಗನ್ನೂ 2020ರಲ್ಲಿ ದೇಶದ ಲೀಗನ್ನೂ ಗೆದ್ದುಕೊಟ್ಟರು. ಫರ್ಗುಸನ್ ಕೂಡ ಬರಿಗೈಯಲ್ಲಿ ಬಂದವರಲ್ಲ. ಸ್ಕಾಟ್ಲೆಂಡಿನ ಆಬರ್ಡೀನ್ ಎಂಬ ಸಣ್ಣ ಕ್ಲಬ್ಬನ್ನು ಯೂರೋಪಿನ ಕ್ಲಬ್ಬುಗಳ 1983ರ ಕಪ್ ವಿನ್ನರ್ಸ್ ಕಪ್ ಫೈನಲಿನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಗೆಲ್ಲಿಸಿಯೇ ಬಂದಿದ್ದರು. ಇಲ್ಲಿಗೆ ನಿಮ್ಮ ಪರವಾದ ನನ್ನ ವಕಾಲತ್ತು ಮುಗಿಯಿತು.

ಏಕೆಂದರೆ ನೀವು ಕೇಳುತ್ತಿರುವ ಔಷಧವನ್ನು ನಿಮ್ಮ ಕ್ಲಬ್ಬಿಗೆ ಈಗಾಗಲೇ ಎರಡು ಸಲ ಕುಡಿಸಿ ಆಗಿದೆ. 2014ರಲ್ಲಿ ಬಂದ ಲೂಯಿ ವಾನ್ ಗಾಲ್ 1995ರಲ್ಲಿ ಅಯಾಕ್ಸ್ ತಂಡದೊಡನೆ ಚಾಂಪಿಯನ್ಸ್ ಲೀಗ್ ಗೆದ್ದವರು. 2016ರಲ್ಲಿ ಬಂದ ಜೋಸೆ ಮೌರಿನ್ಯೊ ಅದನ್ನು 2004ರಲ್ಲಿ ಪೋರ್ಟೊ ತಂಡಕ್ಕೂ 2010ರಲ್ಲಿ ಇಂಟರ್ ಮಿಲಾನಿಗೂ ಗೆದ್ದುಕೊಟ್ಟವರು. ಮೊದಲನೆಯವರು ಇಂಗ್ಲೆಂಡಿನ ಕ್ಲಬ್ಬುಗಳ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್ ಎತ್ತಿ ಹಿಡಿದ ಎರಡೇ ದಿನಕ್ಕೆ ಮನೆಗೆ ಹೋದರು. ಎರಡನೆಯವರು ಒಂದೇ ಋತುವಿನಲ್ಲಿ ಲೀಗ್ ಕಪ್ ಮತ್ತು ಯೂರೋಪಾ ಲೀಗ್ ಗೆದ್ದು, ಮರುವರ್ಷ ಲೀಗಿನಲ್ಲಿ ಎರಡನೆಯ ಸ್ಥಾನವನ್ನೂ ತಂದುಕೊಟ್ಟು, 2018ರ ಡಿಸೆಂಬರಿನಲ್ಲಿ ಹೊರಬಿದ್ದರು. ಇದಕ್ಕಿಂತ ದೊಡ್ಡ ಹೆಸರನ್ನು ಎಲ್ಲಿಂದ ತರಿಸುತ್ತೀರಿ?

ಹೆಸರು ಒಂದೇ ಆಗಿದ್ದೂ ಫಲ ಎರಡಾಗುವುದಕ್ಕೆ ಬ್ರಯಾನ್ ಕ್ಲಫ್ ಅವರ ಕತೆಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಡಾರ್ಬಿ ಕೌಂಟಿ ತಂಡಕ್ಕೆ 1972ರಲ್ಲಿ ಲೀಗ್ ಗೆದ್ದುಕೊಟ್ಟಿದ್ದ ಅವರನ್ನು 1974ರಲ್ಲಿ ಆಗಿನ ಚಾಂಪಿಯನ್ ತಂಡವಾದ ಲೀಡ್ಸ್ ಯುನೈಟೆಡ್ ಕರೆಸಿಕೊಂಡಿತು. ಬಂದವರೇ ಆಟಗಾರರನ್ನು ಕೂರಿಸಿಕೊಂಡು, ನೀವು ಗೆದ್ದ ಪದಕಗಳೆಲ್ಲ ಮೋಸದವು, ಕಸದ ಬುಟ್ಟಿಗೆ ಎಸೆಯಿರಿ ಎಂದರೆಂಬುದು ಇಂದಿಗೂ ಹೇಳಿಕೊಂಡು ಬರುವ ಮಾತು. ನಲವತ್ತನಾಲ್ಕೇ ದಿನಕ್ಕೆ ಅವರ ಕುರ್ಚಿ ಹೋಯಿತು. ಮರುವರ್ಷದ ಜನವರಿಯಲ್ಲಿ ಎರಡನೆಯ ದರ್ಜೆಯಲ್ಲಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡ ಅವರನ್ನು ಕರೆಯಿತು. 1977ರಲ್ಲಿ ತಂಡ ಮೇಲಿನ ದರ್ಜೆಗೇರಿತು, 1978ರಲ್ಲಿ ಲೀಗ್ ಗೆದ್ದಿತು, 1979 ಮತ್ತು 1980ರಲ್ಲಿ ಈಗ ಚಾಂಪಿಯನ್ಸ್ ಲೀಗ್ ಎನಿಸಿಕೊಂಡಿರುವ ಯೂರೋಪಿಯನ್ ಕಪ್ಪನ್ನು ಎರಡು ಬಾರಿ ಮನೆಗೆ ಒಯ್ದಿತು. ಇನ್ನೊಂದು ಸಂಗತಿಯನ್ನು ಅಭಿಮಾನಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಾರ್ಬಿಯಲ್ಲಿ ಕ್ಲಫ್ ಅವರ ಬಲಗೈಯಾಗಿದ್ದ ಸಹಾಯಕ ಪೀಟರ್ ಟೇಲರ್ ಲೀಡ್ಸಿಗೆ ಜೊತೆಯಾಗಿ ಹೋಗಿರಲಿಲ್ಲ. ಅವರು ಫಾರೆಸ್ಟಿಗೆ 1976ರಲ್ಲಿ ಬಂದು ಸೇರಿಕೊಂಡರು. ಮ್ಯಾನೇಜರನ ಹೆಸರನ್ನು ಕೂಗುವವರು ಅವನ ಪಕ್ಕದಲ್ಲಿ ಯಾರು ಕೂರುತ್ತಾರೆಂದು ಎಂದಾದರೂ ಕೇಳಿದ್ದುಂಟೇ?

ನಿಮ್ಮ ಮನೆದೇವರಾದ ಫರ್ಗುಸನ್ ಅವರ ವಿಷಯಕ್ಕೇ ಬನ್ನಿ. ಅವರು 1986ರ ನವೆಂಬರಿನಲ್ಲಿ ಅಧಿಕಾರ ವಹಿಸಿಕೊಂಡರು. ಮೂರು ವರ್ಷ ಕಳೆದರೂ ಕಪಾಟಿಗೆ ಒಂದು ಕಪ್ಪೂ ಬರಲಿಲ್ಲ. 1989ರ ಡಿಸೆಂಬರಿನಲ್ಲಿ ಓಲ್ಡ್ ಟ್ರಾಫರ್ಡ್ ಕ್ರೀಡಾಂಗಣದಲ್ಲಿಯೇ ಅಭಿಮಾನಿಯೊಬ್ಬರು, ಮೂರು ವರ್ಷ ನೆಪ ಕೇಳಿದ್ದು ಸಾಕು, ಹೋಗಿಬನ್ನಿ ಎಂಬರ್ಥದ ಬ್ಯಾನರ್ ಎತ್ತಿ ಹಿಡಿದರು. ಆ ಋತುವಿನ ಲೀಗಿನಲ್ಲಿ ತಂಡ ಮುಗಿಸಿದ್ದು 13ನೆಯ ಸ್ಥಾನದಲ್ಲಿ. ಅಂದು ನೀವು ಹೇಳುವಂತೆ ಮತದಾನ ನಡೆದಿದ್ದರೆ, ಹದಿಮೂರು ಲೀಗ್ ಪ್ರಶಸ್ತಿಗಳನ್ನು ಗೆಲ್ಲಲಿದ್ದ ಆ ಮನುಷ್ಯ ಗಂಟುಮೂಟೆ ಕಟ್ಟಿಕೊಂಡು ಸ್ಕಾಟ್ಲೆಂಡಿನ ರೈಲು ಹತ್ತಿರುತ್ತಿದ್ದರು. ನಿಮ್ಮ ಬಳಗದ ಆರೂ ಜನ ಬಹುಶಃ ಬೇರೆ ಯಾವುದೋ ಬಣ್ಣದ ಅಂಗಿ ತೊಟ್ಟಿರುತ್ತಿದ್ದಿರಿ. ಆಡಳಿತ ಮಂಡಳಿ ತಾಳಿಕೊಂಡಿತು. 1990ರ ಜನವರಿಯಲ್ಲಿ ಅದೇ ಫಾರೆಸ್ಟ್ ತಂಡದ ವಿರುದ್ಧ ಮಾರ್ಕ್ ರಾಬಿನ್ಸ್ ಹೊಡೆದ ಒಂದು ಗೋಲಿನಿಂದ ತಂಡ ಎಫ್‌ಎ ಕಪ್ಪಿನಲ್ಲಿ ಉಳಿದುಕೊಂಡಿತು, ಮೇ ತಿಂಗಳಲ್ಲಿ ಆ ಕಪ್ಪನ್ನೇ ಗೆದ್ದಿತು.

ಈಗ ನಿಮ್ಮ ಗೆಳೆಯನ ವಾದ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಎಚ್ಚರಿಕೆಗೆಂದು ಕಲಿತು, ನಿಯಮದಂತೆ ಪಾಲಿಸುತ್ತಿದ್ದೇವೆ. ಬಿಲ್ ಶ್ಯಾಂಕ್ಲಿ 1974ರಲ್ಲಿ ಲಿವರ್‌ಪೂಲ್ ಬಿಟ್ಟಾಗ ಕ್ಲಬ್ಬು ಕೂರಿಸಿದ್ದು ಬಾಬ್ ಪೇಸ್ಲಿ ಎಂಬ ಮಿತಭಾಷಿಯನ್ನು. 1939ರಿಂದ ಅಲ್ಲಿಯೇ ಇದ್ದು, ಆಟಗಾರನಾಗಿ, ಗಾಯಗೊಂಡವರ ಕಾಲು ತಿಕ್ಕುವವರಾಗಿ, ಸಹಾಯಕರಾಗಿ ಸವೆದಿದ್ದ ಅವರು ಕುರ್ಚಿ ಏರಿದ್ದು ಒಲ್ಲದ ಮನಸ್ಸಿನಿಂದ. ಬೂಟುಗಳನ್ನು ಇಡುವ ಕಿರುಕೋಣೆಯಲ್ಲಿ ತರಬೇತುದಾರರೆಲ್ಲ ಕೂತು, ಅಂದಿನ ಆಟದಲ್ಲಿ ಯಾರ ಮೊಣಕಾಲು ಸೋತಿತು, ಯಾರ ಓಟ ಕುಗ್ಗಿತು ಎಂದು ಮಾತಾಡುತ್ತಿದ್ದ ಆ ಮನೆಯ ಪದ್ಧತಿಯಲ್ಲಿಯೇ ಅವರು ಬೆಳೆದವರು. ಒಂಬತ್ತು ಋತುಗಳಲ್ಲಿ ಆರು ಲೀಗ್, ಮೂರು ಯೂರೋಪಿಯನ್ ಕಪ್. 2008ರಲ್ಲಿ ಬಾರ್ಸಿಲೋನಾ ಕ್ಲಬ್ಬು ಮೌರಿನ್ಯೊ ಅವರನ್ನು ಬದಿಗಿಟ್ಟು ತನ್ನದೇ ಎರಡನೆಯ ತಂಡವನ್ನು ನೋಡಿಕೊಳ್ಳುತ್ತಿದ್ದ ಪೆಪ್ ಗಾರ್ಡಿಯೋಲಾ ಅವರನ್ನು ಆರಿಸಿತು. ಮೊದಲ ವರ್ಷವೇ ಮೂರು ಮುಖ್ಯ ಪ್ರಶಸ್ತಿಗಳು ಬಂದವು. ರಿಯಲ್ ಮ್ಯಾಡ್ರಿಡಿನ ಕಿರಿಯರ ತಂಡದಿಂದ ಬಡ್ತಿ ಪಡೆದ ಜಿನೆದಿನ್ ಜಿದಾನ್, ಬಯರ್ನ್ ಮ್ಯೂನಿಕಿನಲ್ಲಿ ಸಹಾಯಕರ ಕುರ್ಚಿಯಿಂದ ಎದ್ದುಬಂದ ಹಾನ್ಸಿ ಫ್ಲಿಕ್ ಇವರಿಬ್ಬರನ್ನೂ ಇದೇ ಸಾಲಿಗೆ ಸೇರಿಸಿಕೊಳ್ಳಿ. ನೀವು ಕೇಳುವ ಆ ಚಾಂಪಿಯನ್ಸ್ ಲೀಗನ್ನು ಇವರೆಲ್ಲ ಗೆದ್ದದ್ದು ಮ್ಯಾನೇಜರಾಗಿ ದೊಡ್ಡ ಹೆಸರಾದ ಮೇಲಲ್ಲ, ಗೆದ್ದು ದೊಡ್ಡ ಹೆಸರಾದರು. ನಿಮ್ಮ ಕ್ಲಬ್ಬಿನ ಹಳೆಯ ಆಟಗಾರ ಓಲೆ ಗುನ್ನಾರ್ ಸೋಲ್ಶೇರ್ ಒಳಗಿನವರಾಗಿಯೂ ಸೋತರಲ್ಲ ಎಂದು ನೀವು ಬೆರಳು ತೋರಿಸಬಹುದು. ಸೋತರು, ನಿಜ, ಆದರೂ 2020-21ರಲ್ಲಿ ಎರಡನೆಯ ಸ್ಥಾನ ತಂದವರು ಅವರೇ ಎಂಬುದನ್ನು ಮರೆಯಬೇಡಿ.

ಮತದಾನದ ಆಸೆಯನ್ನು ನಾನು ಪೂರ್ತಿ ತಳ್ಳಿಹಾಕಲಾರೆ, ಅದರಲ್ಲಿ ಪ್ರಜಾಸತ್ತೆಯ ಪರಿಮಳವಿದೆ. ಆದರೆ ಅದರ ಒಂದು ತಮಾಷೆ ಕೇಳಿ. ಬಾರ್ಸಿಲೋನಾದಲ್ಲಿ ಕ್ಲಬ್ಬಿನ ಸದಸ್ಯರೇ ಅಧ್ಯಕ್ಷರನ್ನು ಆರಿಸುತ್ತಾರೆ. 2021ರ ಚುನಾವಣೆಯಲ್ಲಿ ವಿಕ್ಟರ್ ಫಾಂಟ್ ಎಂಬ ಅಭ್ಯರ್ಥಿ ತಾನು ಗೆದ್ದರೆ ಕ್ಲಬ್ಬಿನ ಹಳೆಯ ಆಟಗಾರ ಶಾವಿ ಅವರನ್ನು ಮ್ಯಾನೇಜರಾಗಿ ಕರೆತರುವೆನೆಂದು ಪ್ರಚಾರ ಮಾಡಿ ಸೋತರು. ಗೆದ್ದ ಜೋನ್ ಲಾಪೋರ್ಟಾ ಅದೇ ನವೆಂಬರಿನಲ್ಲಿ ಅದೇ ಶಾವಿ ಅವರನ್ನು ಕರೆತಂದರು. ಇನ್ನು ಜನಾಭಿಪ್ರಾಯದ ಜಾಣತನ ನೋಡಿ. ಜಪಾನಿನ ಕ್ಲಬ್ಬೊಂದರಿಂದ 1996ರಲ್ಲಿ ಆರ್ಸೆನಲ್ಲಿಗೆ ಬಂದ ವೆಂಗರ್ ಯಾರು ಎಂದು ಲಂಡನ್ನಿನ ಪತ್ರಿಕೆಗಳೇ ಕೇಳಿದವು. 2003-04ರಲ್ಲಿ ಅವರ ತಂಡ 38 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 2015ರಲ್ಲಿ ಕ್ಲಾಡಿಯೊ ರನಿಯೇರಿ ಲೆಸ್ಟರ್ ಸಿಟಿಗೆ ನೇಮಕವಾದಾಗ ಅದೇ ಊರಿನ ಹೆಮ್ಮೆಯ ಹಳೆಯ ಆಟಗಾರ ಗ್ಯಾರಿ ಲಿನೆಕರ್ ಬಹಿರಂಗವಾಗಿಯೇ ಹುಬ್ಬೇರಿಸಿದರು. ಮರುವರ್ಷ ಲೆಸ್ಟರ್ ಲೀಗ್ ಗೆದ್ದಿತು. ಗೆದ್ದ ಒಂಬತ್ತು ತಿಂಗಳಿಗೆ ಅವರನ್ನೂ ಕಳುಹಿಸಿಬಿಟ್ಟರೆನ್ನುವುದು ಬೇರೆ ಮಾತು. ಕ್ಲಾಪ್ 2024ರಲ್ಲಿ ಹೊರಡುವೆನೆಂದಾಗ ಲಿವರ್‌ಪೂಲಿನವರ ನಾಲಿಗೆಯ ಮೇಲಿದ್ದುದು ಶಾಬಿ ಅಲೊನ್ಸೊ ಅವರ ಹೆಸರು. ಅವರು ಲೆವರ್‌ಕುಸೆನ್ ಬಿಟ್ಟು ಬರಲಿಲ್ಲ. ಬಂದದ್ದು ಫೆಯೆನೂರ್ಡಿನ ಆರ್ನೆ ಸ್ಲಾಟ್. ಮೊದಲ ಋತುವಿನಲ್ಲಿಯೇ ಲೀಗ್ ಬಂತು. ಮುಂದಿನ ಋತುವಿನ ಆರಂಭದಲ್ಲಿ ನಾಲ್ಕಾರು ಪಂದ್ಯ ಕೈತಪ್ಪಿದ್ದೇ ತಡ, ಅವರನ್ನು ಬದಲಿಸಿ ಎಂಬ ಕೂಗೆದ್ದಿತು.

ನನ್ನ ನಿಜವಾದ ತಕರಾರು ಇರುವುದು ಇಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸವನ್ನು ನಿಮ್ಮ ಕ್ಲಬ್ಬಿನ ಮಾಲೀಕರು ವರ್ಷಗಳಿಂದ ಮಾಡುತ್ತಿದ್ದಾರೆ, ನೀವು ಮುಂದಿನ ಎಮ್ಮೆ ಯಾವುದೆಂದು ಚರ್ಚಿಸುತ್ತಿದ್ದೀರಿ. ಗ್ಲೇಜರ್ ಕುಟುಂಬ 2005ರಲ್ಲಿ ಕ್ಲಬ್ಬನ್ನು ಕೊಂಡಿದ್ದು ಬಹುಪಾಲು ಸಾಲದ ಹಣದಲ್ಲಿ, ಆ ಸಾಲದ ಹೊರೆ ಬಿದ್ದದ್ದು ಕ್ಲಬ್ಬಿನ ತಲೆಯ ಮೇಲೆ. 2024ರ ಮೇ ತಿಂಗಳ ಒಂದು ಮಳೆಯಲ್ಲಿ ಓಲ್ಡ್ ಟ್ರಾಫರ್ಡಿನ ಛಾವಣಿಯಿಂದ ಪ್ರೇಕ್ಷಕರ ಆಸನಗಳ ಮೇಲೆ ನೀರು ಜಲಪಾತದಂತೆ ಸುರಿದುದನ್ನು ನೀವೂ ನೋಡಿರಬೇಕು. ಫರ್ಗುಸನ್ ನಂತರ ಬಂದ ಡೇವಿಡ್ ಮೋಯ್ಸ್ ಅವರಿಗೆ ಆರು ವರ್ಷದ ಕರಾರು ಕೊಟ್ಟು ಹತ್ತು ತಿಂಗಳಿಗೆ ಕಳಿಸಿದರು. ಮುಂದೊಮ್ಮೆ ಮ್ಯಾನೇಜರಾದ ಎರಿಕ್ ಟೆನ್ ಹಾಗ್ ಅವರ ಕರಾರನ್ನು 2024ರ ಜುಲೈಯಲ್ಲಿ ಮುಂದುವರಿಸಿ, ಅಕ್ಟೋಬರಿನಲ್ಲಿ ತೆಗೆದುಹಾಕಿದರು. ಇಂಥ ಆಯ್ಕೆಗಳನ್ನು ಸರಿಪಡಿಸಲೆಂದೇ ಅದೇ ಬೇಸಿಗೆಯಲ್ಲಿ ತಂದ ಕ್ರೀಡಾ ನಿರ್ದೇಶಕ ಡ್ಯಾನ್ ಆಶ್‌ವರ್ತ್ ಕೂಡ ಐದೇ ತಿಂಗಳಲ್ಲಿ ಹೊರಟುಹೋದರು. ಆರಿಸುವವನ ಕುರ್ಚಿಯೇ ಅಲುಗಾಡುತ್ತಿರುವಾಗ ಆರಿಸಲ್ಪಟ್ಟವನ ಕುರ್ಚಿ ನಿಲ್ಲುವುದು ಹೇಗೆ? 2024-25ರಲ್ಲಿ ತಂಡ 15ನೆಯ ಸ್ಥಾನಕ್ಕೆ ಇಳಿದದ್ದರಲ್ಲಿ ನನಗಂತೂ ಯಾವ ಆಶ್ಚರ್ಯವೂ ಕಾಣಲಿಲ್ಲ. ಅಭಿಮಾನಿಗಳ ಕೋಪ ಸರಿಯಾದ ಬಾಗಿಲು ತಟ್ಟಿದ ದಿನಗಳೂ ಉಂಟು: 2010ರಲ್ಲಿ ಕ್ಲಬ್ಬಿನ ಪೂರ್ವಜ ತಂಡದ ಹಸಿರು-ಹಳದಿ ಶಾಲು ಹೊದ್ದು ಅವರು ಮಾಲೀಕರನ್ನು ಪ್ರತಿಭಟಿಸಿದರು, 2021ರ ಏಪ್ರಿಲಿನಲ್ಲಿ ಯೂರೋಪಿನ ಶ್ರೀಮಂತ ಕ್ಲಬ್ಬುಗಳು ತಮ್ಮದೇ ಸೂಪರ್ ಲೀಗ್ ಕಟ್ಟಿಕೊಳ್ಳುವ ಯೋಜನೆ ಹೊರಬಿದ್ದಾಗ ಬೀದಿಗಿಳಿದವರ ಎದುರು ಅದರಲ್ಲಿದ್ದ ಆರೂ ಇಂಗ್ಲಿಷ್ ಕ್ಲಬ್ಬುಗಳು ಎರಡೇ ದಿನದಲ್ಲಿ ಹಿಂದೆ ಸರಿದವು.

ಹೊರಗಿನವರೋ ಒಳಗಿನವರೋ ಎಂಬ ಜಗಳ ನಮ್ಮ ಮೈಸೂರಿಗೆ ಹೊಸದೇನೂ ಅಲ್ಲ. 1881ರ ನಂತರ ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಎಂದು ಮದರಾಸು ಕಡೆಯವರೇ ದಿವಾನರಾದಾಗ ಇಲ್ಲಿನವರು ಗೊಣಗಿದ್ದು ಕಡಿಮೆಯಲ್ಲ. ಆದರೆ ಶೇಷಾದ್ರಿ ಅಯ್ಯರ್ ಅವರಿಗೆ ಹದಿನೆಂಟು ವರ್ಷ ಸಿಕ್ಕಿತು. ವಿಶ್ವೇಶ್ವರಯ್ಯನವರು ಮೂರು ವರ್ಷ ಮುಖ್ಯ ಎಂಜಿನಿಯರಾಗಿ ಈ ಸಂಸ್ಥಾನವನ್ನು ಅರಿತ ಮೇಲೆ 1912ರಲ್ಲಿ ದಿವಾನರಾದರು. ಅರಮನೆಯ ಒಳಗಿನಿಂದಲೇ ಮೇಲೆ ಬಂದ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಆಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಆರಿಸಿದವರನ್ನು ತಾಳಿಕೊಂಡರು. ನಿಮ್ಮ ಮಂಡ್ಯದ ಗದ್ದೆಗಳಿಗೆ ನೀರು ಬಂದದ್ದು ಯಾವ ಊರಿನ ದಿವಾನನಿಂದ ಎನ್ನುವುದಕ್ಕಿಂತ, ಕನ್ನಂಬಾಡಿ ಕಟ್ಟೆ ಮುಗಿಯುವವರೆಗೆ ತಾಳಿದ ದೊರೆಯೊಬ್ಬನಿದ್ದನೆಂಬುದು ನನಗೆ ಮುಖ್ಯ.

ಸಮೀಪದ ಸಂಗತಿಯನ್ನು ಹೇಳದಿದ್ದರೆ ನನ್ನ ಹೊಟ್ಟೆಯುರಿ ತಣಿಯದು. ಬೆಂಗಳೂರು ಎಫ್‌ಸಿ 2018-19ರಲ್ಲಿ ದೇಶದ ಕ್ಲಬ್ಬುಗಳ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಗೆದ್ದಾಗ ಮ್ಯಾನೇಜರಾಗಿದ್ದ ಕಾರ್ಲೆಸ್ ಕ್ವಾದ್ರಾತ್, ಅದಕ್ಕೂ ಮೊದಲು ಅಲ್ಲಿಯೇ ಆಲ್ಬರ್ಟ್ ರೋಕಾ ಅವರ ಸಹಾಯಕರಾಗಿದ್ದವರು. ಕೆಲವು ಸೋಲುಗಳ ಬಳಿಕ 2021ರ ಜನವರಿಯಲ್ಲಿ ಅವರೂ ಹೋದರು. ಇನ್ನು, ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯ ಮೇಲೆ ಮೈಸೂರು ರಾಜ್ಯದ ಹೆಸರು ಕೊನೆಯ ಬಾರಿ ಕೂತದ್ದು 1968-69ರಲ್ಲಿ; ಆಮೇಲೆ 54 ವರ್ಷ ಕಾದು, 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ಗೆದ್ದಿತು. ಆ ತಂಡದ ತರಬೇತುದಾರ ರವಿಬಾಬು ರಾಜು ಅವರ ಹೆಸರನ್ನು ನಿಮ್ಮ ಬಳಗದ ಆರು ಜನರಲ್ಲಿ ಎಷ್ಟು ಮಂದಿ ಬಲ್ಲಿರಿ? ಭಾರತಕ್ಕೆ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳ ಚಿನ್ನ, 1956ರ ಒಲಿಂಪಿಕ್ಸಿನ ನಾಲ್ಕನೆಯ ಸ್ಥಾನ ತಂದುಕೊಟ್ಟ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನ ಶಾಲಾ ಮೇಷ್ಟರಾಗಿದ್ದವರು. ಅವರಿಗೂ ಹತ್ತು ವರ್ಷಕ್ಕೆ ಮೀರಿದ ಅವಕಾಶ ಸಿಕ್ಕಿತ್ತು.

ಮೈಸೂರಿನ ಮೈದಾನವೊಂದರಲ್ಲಿ ಬೆಳಗಿನ ಹೊತ್ತು ಮಕ್ಕಳಿಗೆ ಆಟ ಕಲಿಸುವ ಒಬ್ಬರನ್ನು ನಾನು ಆಗಾಗ ನೋಡುತ್ತೇನೆ. ಗೋಣಿಚೀಲದಲ್ಲಿ ಚೆಂಡುಗಳು, ಗೋಲಿನ ಗುರುತಿಗೆ ಇಟ್ಟಿಗೆ. ಪಂಪಿನ ಸೂಜಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ಚೆಂಡಿಗೆ ಚುಚ್ಚುತ್ತಾರೆ, ಗಾಳಿ ತುಂಬಿದ ಮೇಲೆ ಕಿವಿಗೆ ಹಿಡಿದು ಸೋರುತ್ತಿದೆಯೇ ಎಂದು ಕೇಳಿಸಿಕೊಳ್ಳುತ್ತಾರೆ. ಸಂಬಳ ಕೊಡುವವರು ಯಾರೂ ಇದ್ದಂತೆ ಕಾಣೆ. ಅವರ ಜಾಗಕ್ಕೆ ಮುಂದೆ ಯಾರು ಬರಬೇಕೆಂದು ಯಾವ ಊರಿನ ಗೆಳೆಯರೂ ಮಾತು ಬಿಟ್ಟ ಸುದ್ದಿಯಿಲ್ಲ.

ತೀರ್ಪು ಕೇಳಿದ್ದೀರಿ: ನಿಮ್ಮ ಗೆಳೆಯನಿಗೆ ಮುಕ್ಕಾಲು, ನಿಮಗೆ ಕಾಲು. ಹೆಸರನ್ನು ಮಾತ್ರ ನನ್ನಿಂದ ಹೊರಡಿಸಲಾಗದು. ಸಹಾಯಕರನ್ನು ತಾನೇ ಆರಿಸಿಕೊಳ್ಳುವ ಹಕ್ಕು ಮತ್ತು ನಾಲ್ಕು ವರ್ಷದ ಅಭಯ ಸಿಕ್ಕರೆ ಸಾಧಾರಣ ಹೆಸರಿನವರೂ ನಡೆದಾರು, ಸಿಗದಿದ್ದರೆ ನೀವು ಹೇಳುವ ಮಹಾನುಭಾವರೂ ನಡೆಯರು. ಇಷ್ಟು ಚೆನ್ನಾಗಿ ಬರೆಯಬಲ್ಲ ನೀವು ಮಂಡ್ಯ ಜಿಲ್ಲೆಯಲ್ಲಿ ಫುಟ್‌ಬಾಲ್ ಕಲಿಸುತ್ತಿರುವವರು ಯಾರು, ಎಲ್ಲಿ, ಯಾವ ಸ್ಥಿತಿಯಲ್ಲಿ ಎಂದು ತಿರುಗಾಡಿ ನೋಡಿ ಒಂದು ಲೇಖನ ಕಳುಹಿಸಿ. ಗೆಳೆಯನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಎರಡು ಪುಟ ಖಾಲಿ ಇಟ್ಟಿರುತ್ತೇನೆ.