ತಲೆ ಎತ್ತದ ಡಾಕ್ಟರು

ನಮಸ್ಕಾರ. ಹೋದ ಸಂಚಿಕೆಯಲ್ಲಿ ಬಂದ ಡಾಕ್ಟರುಗಳ ಡ್ಯೂಟಿ ಬಗೆಗಿನ ಲೇಖನ ಓದಿ ಸಿಟ್ಟಾಗಿ ಬರೆದಿದ್ದೀರಿ. 'ಸೇವೆ ಅಂತ ಬಂದವರು ಗಂಟೆ ಲೆಕ್ಕ ಹಾಕಬಾರದು. ನಮ್ಮ ತಂದೆಯನ್ನು ನೋಡಿದ ಡಾಕ್ಟರು ಕಂಪ್ಯೂಟರಿನಿಂದ ತಲೆಯನ್ನೇ ಎತ್ತಲಿಲ್ಲ' ಅಂತ. ತಂದೆಯವರು ಈಗ ಹುಷಾರಾಗಿದ್ದಾರೆ ಅಂದುಕೊಳ್ಳುತ್ತೇನೆ. ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ನೀವು ಬರೆದ ಎರಡು ಮಾತೂ ಒಂದಕ್ಕೊಂದು ಅಂಟಿಕೊಂಡಿವೆ, ಅಲ್ವಾ?

24 ಗಂಟೆ ನಿದ್ದೆಗೆಟ್ಟವರ ಕೈ-ಕಣ್ಣಿನ ಹಿಡಿತ ಕುಡಿದವರಷ್ಟೇ ತಪ್ಪುತ್ತದೆ ಅಂತ 1997ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಬೆಳಗಿನ ಜಾವ ನಾಲ್ಕಕ್ಕೆ ಔಷಧಿ ಬರೆಯುತ್ತಿರುವ ಜೂನಿಯರ್ ಡಾಕ್ಟರನ್ನು ನೆನೆಸಿಕೊಳ್ಳಿ. ಒಂದೇ ಸಾಲನ್ನು ಮೂರು ಸಲ ಓದುತ್ತಾರೆ, ಆದರೂ ತಲೆಗೆ ಹೋಗುವುದಿಲ್ಲ. 0.5ರಲ್ಲಿ ಚುಕ್ಕಿ ಬಿಟ್ಟುಹೋಯಿತೋ, ಡೋಸ್ ಹತ್ತು ಪಟ್ಟಾಗುತ್ತದೆ. ಅಮೆರಿಕದಲ್ಲಿ ಐಸಿಯುನಲ್ಲಿ ಕೆಲಸ ಮಾಡುವ ಇಂಟರ್ನ್‌ಗಳ (ತರಬೇತಿಯಲ್ಲಿರುವ ಹೊಸ ಡಾಕ್ಟರುಗಳ) ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಳೇ ಪದ್ಧತಿಯ ಉದ್ದನೆಯ ಶಿಫ್ಟ್‌ಗಳಲ್ಲಿ ಗಂಭೀರ ತಪ್ಪುಗಳು 36% ಜಾಸ್ತಿ ಇದ್ದವು. ಇದಕ್ಕೆ ಸೇವಾಭಾವ ಕಡಿಮೆ ಅನ್ನೋಕಾಗುತ್ತಾ?

ಹಾಗಂತ ಸುಮ್ನೆ ಗಂಟೆ ಕಡಿಮೆ ಮಾಡಿದರೆ ಎಲ್ಲ ಸರಿಹೋಗಲ್ಲ. ಶಿಫ್ಟ್ ಚಿಕ್ಕದಾದಷ್ಟೂ ರೋಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು ಜಾಸ್ತಿ, ಮಾತು ಬಿಟ್ಟುಹೋಗುವುದು ಅಲ್ಲೇ. ಒಂಬತ್ತು ಆಸ್ಪತ್ರೆಗಳಲ್ಲಿ ಹ್ಯಾಂಡೋವರ್, ಅಂದರೆ ಶಿಫ್ಟ್ ಮುಗಿಸಿದವರು ಮುಂದಿನವರಿಗೆ ರೋಗಿಯ ವಿವರ ಒಪ್ಪಿಸುವ ಕ್ರಮವನ್ನು ಸರಿಪಡಿಸಿದಾಗ ತಪ್ಪುಗಳು 23% ಇಳಿದವು ಅಂತ 2014ರ ಅಧ್ಯಯನ ಹೇಳುತ್ತದೆ.

ಇನ್ನು ಕಂಪ್ಯೂಟರ್. 2016ರಲ್ಲಿ ಅಮೆರಿಕದ ಡಾಕ್ಟರುಗಳ ದಿನವನ್ನು ಪಕ್ಕದಲ್ಲೇ ನಿಂತು ಅಳೆದವರಿಗೆ ಕಂಡದ್ದು ಇದು: ರೋಗಿಯ ಜೊತೆ ಒಂದು ಗಂಟೆ ಕಳೆದರೆ, ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಹೆಚ್ಚುಕಡಿಮೆ ಎರಡು ಗಂಟೆ. ನಿಮ್ಮ ತಂದೆಗೆ ಸಿಗಬೇಕಾಗಿದ್ದ ನೋಟ ಆ ಪರದೆಗೆ ಹೋಗಿರಬಹುದು. ವರ್ಷಗಟ್ಟಲೆ ಹೀಗೇ ನಡೆದರೆ ಒಳಗೆ ಏನೋ ಬತ್ತಿಹೋಗುತ್ತದೆ, ಎದುರಿಗಿರುವವರ ಹೆಸರು ಮರೆತು 'ಮೂರನೇ ಬೆಡ್ಡಿನ ಕಿಡ್ನಿ' ಅನ್ನೋ ಮಾತು ಬಾಯಿಗೆ ಬರುತ್ತದೆ. ಇದೇ ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಅಂತ ಅಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಗುರುತಿಸಿತು. ನನಗಂತೂ ಅದು ಬಹಳ ಸರಿ ಅನ್ನಿಸುತ್ತದೆ. ಡಾಕ್ಟರಿಗೆ ಯೋಗ ಕಲಿಸಿ ಕಳಿಸಿದರೆ ಡ್ಯೂಟಿ ಪಟ್ಟಿ ಬದಲಾಗುತ್ತದಾ?

ಆಸ್ಪತ್ರೆಗೆ ದೂರು ಕೊಡುತ್ತೇನೆ ಅಂದಿದ್ದೀರಿ, ಖಂಡಿತ ಕೊಡಿ. ಆದರೆ ಆ ದಿನ ಅವರು ಎಷ್ಟು ಹೊತ್ತಿನಿಂದ ಡ್ಯೂಟಿಯಲ್ಲಿದ್ದರು, ಎಷ್ಟು ಜನ ರೋಗಿಗಳನ್ನು ನೋಡಬೇಕಿತ್ತು ಅಂತಲೂ ಅದೇ ಕಾಗದದಲ್ಲಿ ಕೇಳಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ.

– ಸಂಪಾದಕ