ಸ್ಕ್ರೂ ಬಿಡಿ, ಪಟ್ಟಿ ಹಾಕಿ: ಆರ್‌ಸಿ ಕಾರಿನ ಬ್ಯಾಟರಿ ಪ್ರಶ್ನೋತ್ತರ

ಆರ್‌ಸಿ, ಅಂದರೆ ರಿಮೋಟಿನಿಂದ ಓಡುವ ಕಾರುಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಮೋಟಾರು, ಟೈರು ಬಗ್ಗೆ ಕೇಳಿದವರು ಕಡಿಮೆ. ಬಹುತೇಕ ಎಲ್ಲರದ್ದೂ ಬ್ಯಾಟರಿ ಗೋಳೇ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ.

ಡೊಂಬಿವಲಿಯ ಓದುಗರು: ಸರ್, ನಾವು ನಾಲ್ಕೈದು ಗೆಳೆಯರು ಭಾನುವಾರ ಮೈದಾನದಲ್ಲಿ 1/10 ಅಳತೆಯ (ನಿಜ ಕಾರಿನ ಹತ್ತನೇ ಒಂದರಷ್ಟು) ಬಗ್ಗಿ, ಅಂದರೆ ಮಣ್ಣಿನಲ್ಲಿ ಓಡುವ ಕಾರು, ಓಡಿಸುತ್ತೇವೆ. ಅರ್ಧ ಗಂಟೆಯ ರೇಸು. ಮಧ್ಯೆ ಒಂದು ಸಲ ಬ್ಯಾಟರಿ ಬದಲಿಸಲೇಬೇಕು. ನನ್ನ ಕಾರಿನ ಬ್ಯಾಟರಿ ಪಟ್ಟಿಗೆ ಎರಡು ಸ್ಕ್ರೂ ಇವೆ. ಅದನ್ನು ಬಿಚ್ಚಿ ಹಾಕುವಷ್ಟರಲ್ಲಿ ಉಳಿದವರು ಎಷ್ಟೋ ಸುತ್ತು ಮುಂದೆ ಹೋಗಿರುತ್ತಾರೆ. ಕೈ ಚುರುಕಾಗಲು ಏನು ಮಾಡಬೇಕು?

ಕೈಯದ್ದೇನೂ ತಪ್ಪಿಲ್ಲ, ಆ ಎರಡು ಸ್ಕ್ರೂಗಳದ್ದೇ ತಪ್ಪು. ಮೈದಾನದಲ್ಲಿ ಅಲೆನ್ ಕೀ ಹುಡುಕುತ್ತಾ, ಧೂಳಲ್ಲಿ ಬಿದ್ದ ಸ್ಕ್ರೂ ಹೆಕ್ಕುತ್ತಾ ಕೂತರೆ ಯಾರ ಕೈಯಾದರೂ ನಿಧಾನವೇ. ಮನೆಯಲ್ಲೇ ಆರಾಮಾಗಿ ಕೂತು ಆ ಪಟ್ಟಿಯ ವ್ಯವಸ್ಥೆ ಬದಲಿಸಿ. ದಾರಿ ಎರಡಿವೆ. ಪಟ್ಟಿಯನ್ನು ಹಿಡಿದಿರುವ ಕಂಬಗಳ ತುದಿಯಲ್ಲಿ ತೂತಿದ್ದರೆ ಸ್ಕ್ರೂ ತೆಗೆದು ಬಾಡಿ ಕ್ಲಿಪ್ (ಕಾರಿನ ಮೇಲ್ಹೊದಿಕೆಯಾದ ಬಾಡಿಯನ್ನು ಹಿಡಿಯುವ ತಂತಿ ಕ್ಲಿಪ್) ಹಾಕಿ, ಇಲ್ಲವಾದರೆ ಬೆರಳಲ್ಲೇ ತಿರುಗಿಸುವ ದೊಡ್ಡ ತಲೆಯ ನಟ್ ಹಾಕಿ. ಇದು ಮೊದಲ ದಾರಿ. ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ: ಚಾಸಿಸ್‌ನಲ್ಲಿ ಉದ್ದ ಸೀಳುಗಳಿದ್ದರೆ ಅದರೊಳಗೆ ವೆಲ್ಕ್ರೋ ಪಟ್ಟಿ ತೂರಿಸಿ ಬ್ಯಾಟರಿಯ ಮೇಲೆ ಎಳೆದು ಕಟ್ಟುವುದು. ಪಟ್ಟಿಯ ತುದಿಯನ್ನು ಎರಡು ಬೆರಳು ಹಿಡಿಯುವಷ್ಟು ಮಡಚಿ ಹೊಲಿದುಬಿಡಿ, ಕೈ ಬೆವರಿದ್ದರೂ ಎಳೆಯಲು ಸಿಗುತ್ತದೆ. ವೆಲ್ಕ್ರೋದೊಳಗೆ ಧೂಳು, ಹುಲ್ಲು ಸೇರಿದರೆ ಹಿಡಿತ ಹೋಗುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಆಗಾಗ ಉಜ್ಜಿ.

ಬಾಡಿಯ ನಾಲ್ಕು ಕ್ಲಿಪ್‌ಗಳಿಗೂ ಮೀನು ಹಿಡಿಯುವ ನೈಲಾನ್ ದಾರ ಕಟ್ಟಿ ಬಾಡಿಗೇ ಅಂಟಿಸಿಬಿಡಿ. ಕ್ಲಿಪ್ ಹುಡುಕುವ ಕೆಲಸವೇ ಇರುವುದಿಲ್ಲ.

ಇನ್ನು ಕ್ರಮ. ಕಾರು ಬಂದ ಕೂಡಲೇ ಚಕ್ರ ನೆಲಕ್ಕೆ ತಾಗದ ಹಾಗೆ ಸ್ಟ್ಯಾಂಡ್ ಮೇಲಿಡಿ. ರಿಮೋಟ್ ಆನ್ ಇರಲಿ, ಅದನ್ನು ಮುಟ್ಟಬೇಡಿ. ಕಾರಿನ ಸ್ವಿಚ್ ಆಫ್ ಮಾಡಿ, ಬಾಡಿ ತೆಗೆಯಿರಿ, ಪ್ಲಗ್ ಕೀಳಿ. ಕೀಳುವಾಗ ಪ್ಲಗ್‌ನ ಮೈ ಹಿಡಿಯಬೇಕು, ವೈರ್ ಹಿಡಿದು ಎಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಹಳೇ ಬ್ಯಾಟರಿ ಹೊರಗೆ, ಹೊಸದು ಒಳಗೆ, ಪಟ್ಟಿ ಬಿಗಿ, ಆಮೇಲೆ ಪ್ಲಗ್. ಪ್ಲಗ್ ಯಾವಾಗಲೂ ಕೊನೆಗೇ. ಯಾಕೆಂದರೆ ಪ್ಲಗ್ ಹಾಕಿದ ಕೂಡಲೇ ಜೀವ ಬರುವ ಇಎಸ್‌ಸಿಗಳೂ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಡಬ್ಬಿ) ಇವೆ, ಆಗ ನಿಮ್ಮ ಬೆರಳು ಗೇರಿನ ಹತ್ತಿರ ಇರಬಾರದು. ಜೊತೆಗೆ, ಪ್ಲಗ್ ಮೊದಲು ಹಾಕಿದವರೇ ಅವಸರದಲ್ಲಿ ಪಟ್ಟಿ ಕಟ್ಟುವುದನ್ನು ಮರೆಯುವುದು.

ಖಾಲಿ ಬ್ಯಾಟರಿಯನ್ನೇ ಮತ್ತೆ ಹಾಕಿಕೊಂಡು ಹೊರಟವರನ್ನು ನೋಡಿದ್ದೀರಲ್ಲ? ಅದಕ್ಕೆ ಮದ್ದು ಒಂದು ರಬ್ಬರ್ ಬ್ಯಾಂಡ್. ಚಾರ್ಜ್ ಆದ ಬ್ಯಾಟರಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಕಾರಿಗೆ ಹಾಕುವಾಗ ತೆಗೆಯಿರಿ. ಬ್ಯಾಂಡ್ ಇಲ್ಲದ್ದೆಲ್ಲ ಖಾಲಿ.

ಒಂದು ವಿಷಯ. 1/10 ಎಲೆಕ್ಟ್ರಿಕ್ ಕಾರುಗಳ ಕ್ಲಬ್ ರೇಸ್ ಸಾಮಾನ್ಯವಾಗಿ 5 ನಿಮಿಷದ್ದು, ಅಲ್ಲಿ ನಡುವೆ ಬ್ಯಾಟರಿ ಬದಲಿಸುವ ಪ್ರಶ್ನೆಯೇ ಬರುವುದಿಲ್ಲ. ನಿಮ್ಮದು ಅರ್ಧ ಗಂಟೆ ಅನ್ನುವುದಕ್ಕೆ ಇಷ್ಟೆಲ್ಲ ಹೇಳಿದೆ. ಹಾಗಂತ ಇದು ಆಟಿಕೆಯವರ ತಾಪತ್ರಯ ಮಾತ್ರ ಅಂದುಕೊಳ್ಳಬೇಡಿ. 2014ರಲ್ಲಿ ಶುರುವಾದ, ನಿಜವಾದ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ರೇಸಿನ ಮೊದಲ 4 ಸೀಸನ್‌ಗಳಲ್ಲಿ ಒಂದು ಬ್ಯಾಟರಿ ರೇಸು ಮುಗಿಯುವವರೆಗೆ ಸಾಲುತ್ತಿರಲಿಲ್ಲ. ಅವರು ಬ್ಯಾಟರಿ ಬದಲಿಸುತ್ತಲೂ ಇರಲಿಲ್ಲ, ಚಾಲಕರು ಮಧ್ಯದಲ್ಲಿ ಕಾರಿನಿಂದ ಇಳಿದು ಇನ್ನೊಂದು ಕಾರು ಹತ್ತುತ್ತಿದ್ದರು! ನಮಗೆ ಅಷ್ಟು ಅನುಕೂಲ ಎಲ್ಲಿಂದ ಬರಬೇಕು.

ಪಿಂಪ್ರಿ, ಪುಣೆಯ ಓದುಗರು: ನನ್ನ ಕಾರು ಜಂಪ್ ಮಾಡಿ ನೆಲಕ್ಕೆ ಬಿದ್ದಾಗಲೆಲ್ಲ ಒಂದು ಕ್ಷಣ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಬ್ಯಾಟರಿ ಹೊಸದು. ಟ್ರೇ ಒಳಗೆ ಸ್ವಲ್ಪ ಅಲ್ಲಾಡುತ್ತದೆ ನಿಜ, ಆದರೆ ಬಿದ್ದುಹೋಗುವುದಿಲ್ಲ. ಇಎಸ್‌ಸಿ ಹಾಳಾಗಿದೆಯಾ?

ಇಎಸ್‌ಸಿ ಬದಲಿಸಲು ದುಡ್ಡು ಖರ್ಚು ಮಾಡುವ ಮೊದಲು ಆ "ಸ್ವಲ್ಪ ಅಲ್ಲಾಡುವುದನ್ನು" ನಿಲ್ಲಿಸಿ. ಸಾಮಾನ್ಯ ಉದ್ದದ ಹಾರ್ಡ್ ಕೇಸ್ ಬ್ಯಾಟರಿ ಸುಮಾರು 139 ಮಿಲಿಮೀಟರ್ ಉದ್ದ, 47 ಅಗಲ, 25 ಎತ್ತರ ಇರುತ್ತದೆ. ಶಾರ್ಟಿ ಅನ್ನುವ ಚಿಕ್ಕದರ ಉದ್ದ ಸುಮಾರು 96. ಉದ್ದನೆಯ ಟ್ರೇಯಲ್ಲಿ ಶಾರ್ಟಿ ಹಾಕಿದರೆ ನಾಲ್ಕು ಸೆಂಟಿಮೀಟರ್ ಖಾಲಿ ಜಾಗ. ಪ್ರತಿ ಜಂಪಿಗೆ ಬ್ಯಾಟರಿ ಹಿಂದಕ್ಕೂ ಮುಂದಕ್ಕೂ ಹೊಡೆಯುತ್ತದೆ, ವೈರ್ ಎಳೆಯುತ್ತದೆ, ಪ್ಲಗ್ ಒಳಗೆ ಸಂಪರ್ಕ ಒಂದು ಕ್ಷಣ ಬಿಡುತ್ತದೆ. ಅಷ್ಟು ಸಾಕು ಕಾರು ಆಫ್ ಆಗಲು.

ಖಾಲಿ ಜಾಗಕ್ಕೆ ಗಟ್ಟಿ ಫೋಮ್ ತುಂಡು ಕತ್ತರಿಸಿ ಇಡಿ. ಪ್ಯಾಕಿಂಗ್‌ಗೆ ಬರುವ ಬಿಳಿ ಥರ್ಮಾಕೋಲ್ ಬೇಡ, ಪುಡಿಯಾಗುತ್ತದೆ. ಯೋಗ ಮ್ಯಾಟ್‌ನಂಥ ಒತ್ತಾದ ಫೋಮ್ ಒಳ್ಳೆಯದು. ಫೋಮ್ ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಕಾರು ಓಡುವ ರೀತಿಯೂ ಬದಲಾಗುತ್ತದೆ. ಹಿಂದಿನ ಚಕ್ರ ಎಳೆಯುವ ಬಗ್ಗಿಯಲ್ಲಿ ಬ್ಯಾಟರಿ ಹಿಂದಕ್ಕೆ ತಳ್ಳಿ ಫೋಮ್ ಮುಂದೆ ಇಟ್ಟರೆ ಜಾರುವ ನೆಲದಲ್ಲಿ ಹಿಂಚಕ್ರಕ್ಕೆ ಹಿಡಿತ ಜಾಸ್ತಿ. ಬ್ಯಾಟರಿ ಮುಂದೆ ತಂದರೆ ಸ್ಟೀರಿಂಗ್ ಚುರುಕಾಗುತ್ತದೆ. ಪುಣೆಯ ಬೇಸಿಗೆಯ ಧೂಳು ಮೈದಾನಕ್ಕೆ ನಾನಾದರೆ ಹಿಂದಕ್ಕೇ ಇಡುತ್ತೇನೆ. ನೀವು ಎರಡೂ ಥರ ಓಡಿಸಿ ನೋಡಿ, ಖರ್ಚಿಲ್ಲದ ಪ್ರಯೋಗ ತಾನೇ.

ಮೇಲೆ ಪಟ್ಟಿ ಮತ್ತು ಬ್ಯಾಟರಿ ನಡುವೆಯೂ ತೆಳು ಫೋಮ್ ಅಂಟಿಸಿ. ಆದರೆ ಕೇಸ್ ಬಾಗುವಷ್ಟು ಬಿಗಿಯಬೇಡಿ. ಹೊರಗೆ ಪ್ಲಾಸ್ಟಿಕ್ ಕೇಸ್ ಇಲ್ಲದ ಸಾಫ್ಟ್ ಪ್ಯಾಕ್ ಆದರೆ ಇನ್ನೂ ಜೋಕೆ. ಟ್ರೇ ಒಳಗೆ ಸ್ಕ್ರೂ ತುದಿ ಮೇಲೆದ್ದಿದೆಯೇ, ಸಣ್ಣ ಕಲ್ಲು ಸೇರಿದೆಯೇ ಅಂತ ಪ್ರತಿ ಸಲ ಬೆರಳಾಡಿಸಿ ನೋಡಿ. ರೇಸಿಗೆ ಸಾಫ್ಟ್ ಪ್ಯಾಕ್ ಯಾಕೆ ಬೇಕು ಅಂತ ನನಗಂತೂ ಅರ್ಥವಾಗಿಲ್ಲ, ನೂರಿನ್ನೂರು ಉಳಿಸಲು ಹೋಗಿ ಬ್ಯಾಟರಿಗೇ ತೂತು ಬಿದ್ದರೆ?

ಚಾರ್ಜ್ ಮಾಡುವಾಗ ಬ್ಯಾಟರಿಯ ಸೆಲ್‌ಗಳನ್ನು ಸಮ ಮಾಡಲು ಬ್ಯಾಲೆನ್ಸ್ ವೈರ್ ಅಂತ ಇನ್ನೊಂದು ತೆಳು ವೈರ್ ಇರುತ್ತದಲ್ಲ, ಅದನ್ನು ಸುಮ್ನೆ ತೂಗಾಡಲು ಬಿಡಬೇಡಿ. ಟೈರಿಗೋ ಡ್ರೈವ್ ಶಾಫ್ಟಿಗೋ ತಾಗಿ ಮೇಲಿನ ರಬ್ಬರ್ ಸವೆದರೆ ಒಳಗಿನ ತಂತಿಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತದೆ.

ಇಷ್ಟು ಮಾಡಿಯೂ ಕಾರು ಆಫ್ ಆಗುತ್ತಿದ್ದರೆ ಪ್ಲಗ್ ಸಡಿಲವಾಗಿದೆಯೇ, ಬೆಸುಗೆ ಬಿಟ್ಟಿದೆಯೇ ನೋಡಿ. ಇಎಸ್‌ಸಿಯ ಮಾತು ಅದಾದ ಮೇಲೆ.

ಮುಲುಂಡ್‌ನಿಂದ ಒಬ್ಬ ತಾಯಿ: ಮಗನ ಕಾರಿಗೆ ಮೊದಲು ನಿಕಲ್ ಬ್ಯಾಟರಿ ಇತ್ತು, ಬಿಳಿ ಪ್ಲಗ್. ಈಗ ಮೋಟಾರು ಬದಲಿಸಿ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ತಂದಿದ್ದಾನೆ. ಪ್ಲಗ್ ಕರಗಿ ಅಂಟಿಕೊಂಡಿದೆ! ಬೆಂಕಿ ಹತ್ತುತ್ತದೇನೋ ಅಂತ ನನಗೆ ಹೆದರಿಕೆ. ಅವನು "ಏನಾಗಲ್ಲ ಅಮ್ಮಾ" ಅನ್ನುತ್ತಾನೆ.

ಈ ವಾದದಲ್ಲಿ ನಾನು ನಿಮ್ಮ ಕಡೆ. ಆ ಬಿಳಿ ಪ್ಲಗ್ಗಿಗೆ ಟಾಮಿಯಾ ಪ್ಲಗ್ ಅನ್ನುತ್ತಾರೆ. ಒಳಗಿನ ಪಿನ್ ಸಣ್ಣದು, ಹಳೇ ಸಾದಾ ಮೋಟಾರಿಗೆ ಸಾಕಿತ್ತು. ಕರೆಂಟು ಎರಡು ಪಟ್ಟಾದರೆ ಪ್ಲಗ್‌ನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ, ಅದಕ್ಕೇ ಕರಗಿದ್ದು. ಅದನ್ನು ಕತ್ತರಿಸಿ ಹೆಚ್ಚು ಕರೆಂಟು ತಾಳುವ ಎಕ್ಸ್‌ಟಿ60 ಪ್ಲಗ್ ಹಾಕಿಸಿ. ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ವಿಚಾರಿಸಿದರೆ ಪ್ಲಗ್, ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ಬೆಸುಗೆಯನ್ನು ಮುಚ್ಚುವಂಥದ್ದು), ದಪ್ಪ ಸಿಲಿಕೋನ್ ವೈರ್ ಎಲ್ಲ ಒಂದೇ ಓಡಾಟದಲ್ಲಿ ಸಿಗುತ್ತವೆ.

ಮಗನಿಗೆ ಇದನ್ನು ಓದಿಸಿ: ತಮ್ಮಾ, ಬ್ಯಾಟರಿಯ ಎರಡು ವೈರನ್ನೂ ಒಟ್ಟಿಗೆ ಕತ್ತರಿಸಬೇಡ. ಕತ್ತರಿಯೇ ಎರಡನ್ನೂ ಸೇರಿಸಿ ಶಾರ್ಟ್ ಮಾಡುತ್ತದೆ, ಕಿಡಿ ಹಾರುತ್ತದೆ. ಮೊದಲು ಒಂದು ವೈರ್ ಕತ್ತರಿಸು, ಹೀಟ್ ಶ್ರಿಂಕ್ ತೂರಿಸು, ಬೆಸುಗೆ ಹಾಕು, ಮುಚ್ಚು. ಆಮೇಲೆ ಇನ್ನೊಂದು. ಬೆಸುಗೆ ಹಾಕುವಾಗ ಎದುರು ಜೋಡಿಯ ಖಾಲಿ ಪ್ಲಗ್ ಸಿಕ್ಕಿಸಿಕೊಂಡಿರು, ಆಗ ಪ್ಲಾಸ್ಟಿಕ್ ಬಿಸಿಯಾದರೂ ಪಿನ್ ಓರೆಯಾಗುವುದಿಲ್ಲ. 25 ವಾಟ್‌ನ ಬೆಸುಗೆ ಕಡ್ಡಿಯಿಂದ ಆಗುವ ಕೆಲಸ ಅಲ್ಲ ಇದು, 60 ವಾಟ್ ಆದರೂ ಬೇಕು. ಲೋಹದ ಪಿನ್ ಒಳಗೆ ಅಡಗಿರುವ ಭಾಗ ಬ್ಯಾಟರಿಗೆ, ಪಿನ್ ಹೊರಗೆ ಕಾಣುವ ಭಾಗ ಕಾರಿಗೆ. ಬೆಸುಗೆಗೆ ಮೊದಲು ಕೆಂಪು ಯಾವುದು, ಕಪ್ಪು ಯಾವುದು ಅಂತ ಪ್ಲಗ್ ಮೇಲಿನ ಗುರುತು ನೋಡಿಕೋ. ತಿರುವುಮುರುವಾದರೆ ಇಎಸ್‌ಸಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಇನ್ನೊಂದು ಮಾತು ಅಮ್ಮನಿಗೂ ಮಗನಿಗೂ. ನಿಕಲ್ ಬ್ಯಾಟರಿಯ ಚಾರ್ಜರ್‌ನಲ್ಲಿ ಲೈಪೋ ಚಾರ್ಜ್ ಮಾಡಲೇಬಾರದು. ಇಎಸ್‌ಸಿಯಲ್ಲೂ ಲೈಪೋ ಮೋಡ್ ಆನ್ ಇರಬೇಕು. ಲೈಪೋದ ಒಂದು ಸೆಲ್ ತುಂಬಿದಾಗ 4.2 ವೋಲ್ಟ್, 3 ವೋಲ್ಟಿಗಿಂತ ಕೆಳಗೆ ಇಳಿದರೆ ಹಾಳು. ಆ ಮೋಡ್ ಇದ್ದರೆ ಕಾರು ತಾನಾಗಿ ನಿಧಾನವಾಗಿ ಎಚ್ಚರಿಸುತ್ತದೆ.

ಕೊಥ್ರೂಡ್, ಪುಣೆಯ ಓದುಗರು: ಒಂದು ದಿನಕ್ಕೆ ಎಷ್ಟು ಬ್ಯಾಟರಿ ಬೇಕು? ಬಿಸಿ ಇದ್ದಾಗಲೇ ಚಾರ್ಜಿಗೆ ಹಾಕಬಹುದಾ?

ಬಿಸಿ ಇರುವಾಗ ಬೇಡ. ಕೈಗೆ ತಣ್ಣಗೆ ತಾಗುವವರೆಗೆ ನೆರಳಲ್ಲಿಡಿ.

ಲೆಕ್ಕ ಸುಲಭ. 5000 ಎಂಎಎಚ್ ಬ್ಯಾಟರಿಯನ್ನು 1ಸಿ ದರದಲ್ಲಿ, ಅಂದರೆ 5 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿದರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಓಡುವುದು ಕಾಲು ಗಂಟೆ ಅಂದುಕೊಳ್ಳಿ. ನಿಲ್ಲಿಸದೆ ಓಡಿಸಬೇಕೆಂದರೆ ಐದಾರು ಬ್ಯಾಟರಿಯಾದರೂ ಬೇಕು. ಆದರೆ ನಿಲ್ಲಿಸದೆ ಯಾಕೆ ಓಡಿಸಬೇಕು? ಮೋಟಾರಿಗೂ ವಿರಾಮ ಬೇಡವೇ. ಬ್ಯಾಟರಿ ಬದಲಿಸುವುದು ಬೇಗ ಆದಷ್ಟೂ ಮೋಟಾರು ತಣ್ಣಗಾಗಲು ಸಮಯ ಸಿಗುವುದಿಲ್ಲ, ಇದನ್ನು ಯಾರೂ ಯೋಚಿಸುವುದಿಲ್ಲ. ಮೂರು ಬ್ಯಾಟರಿ, ಪ್ರತಿ ಓಟದ ನಂತರ ಒಂದು ಚಹಾ. ಸಾಕು. ಮೂರೂ ಒಂದೇ ಅಳತೆ, ಒಂದೇ ತೂಕದವು ಆಗಿದ್ದರೆ ಫೋಮ್ ಬದಲಿಸುವ ರಗಳೆಯೂ ಇಲ್ಲ.

ಚಾರ್ಜ್ ಆಗುತ್ತಿರುವಾಗ ಬಿಟ್ಟು ಹೋಗಬೇಡಿ. ಪಕ್ಕದಲ್ಲಿ ಒಂದು ಬಕೆಟ್ ಮರಳಿರಲಿ.

ಘಾಟ್‌ಕೋಪರ್‌ನ ಓದುಗರು: ಲೈಪೋ ದಿಂಬಿನಂತೆ ಉಬ್ಬಿದೆ. ಸೂಜಿ ಚುಚ್ಚಿ ಗಾಳಿ ತೆಗೆದರೆ ಮತ್ತೆ ಟ್ರೇಗೆ ಸರಿಯಾಗಿ ಕೂರುತ್ತದಾ?

ಖಂಡಿತಾ ಬೇಡ! ಚುಚ್ಚಿದರೆ ಬೆಂಕಿ ಹತ್ತಬಹುದು. ಅದರ ಆಯುಸ್ಸು ಮುಗಿಯಿತು. ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ, ಮನೆಯ ಕಸದ ಡಬ್ಬಿಗೆ ಹಾಕಬೇಡಿ. ಮುಂದಿನ ಬ್ಯಾಟರಿ ಉಬ್ಬಬಾರದು ಅಂತಿದ್ದರೆ ಮಳೆಗಾಲದಲ್ಲಿ ಫುಲ್ ಚಾರ್ಜ್ ಮಾಡಿ ಕಪಾಟಿನಲ್ಲಿ ಇಡಬೇಡಿ. ಜೂನ್ ಶುರುವಿನಲ್ಲಿ ತುಂಬಿಸಿಟ್ಟು ಸೆಪ್ಟೆಂಬರ್‌ನಲ್ಲಿ ತೆಗೆಯುವವರೇ ಜಾಸ್ತಿ, ಆಮೇಲೆ ಕಂಪನಿಗೆ ಬೈಯುತ್ತಾರೆ. ಚಾರ್ಜರ್‌ನಲ್ಲಿ ಸ್ಟೋರೇಜ್ ಅನ್ನುವ ಆಯ್ಕೆ ಇರುತ್ತದೆ, ಅದು ಪ್ರತಿ ಸೆಲ್ಲನ್ನು ಸುಮಾರು 3.8 ವೋಲ್ಟಿಗೆ ತಂದು ನಿಲ್ಲಿಸುತ್ತದೆ.

ವಾಸ್ಕೋ, ಗೋವಾದ ಓದುಗರು: ಅಣ್ಣಾರ, ನಾವು ಧಾರವಾಡದ ಕಡೆಯವರು, ಇಲ್ಲಿ ಬೀಚಿನಲ್ಲಿ ಕಾರು ಓಡಿಸುತ್ತೇವೆ. ಪ್ಲಗ್ ಬೇಗ ಹಸಿರುಗಟ್ಟುತ್ತದೆ. ಇನ್ನೊಂದು, ಬೆಂಗಳೂರಿಗೆ ವಿಮಾನದಲ್ಲಿ ಹೋಗುವಾಗ ನಾಲ್ಕು ಬ್ಯಾಟರಿ ಒಯ್ಯಬಹುದೇನು?

ಹಸಿರುಗಟ್ಟುವುದು ಉಪ್ಪು ಗಾಳಿಯಿಂದ. ಓಡಿಸಿ ಬಂದ ಮೇಲೆ ಬ್ಯಾಟರಿ ಕಾರಿನಿಂದ ಹೊರಗೆ ತೆಗೆದು, ಪ್ಲಗ್‌ಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಎತ್ತಿಡಿ. ತೀರ ಹಸಿರಾಗಿದ್ದರೆ ಉಜ್ಜುತ್ತಾ ಕೂರಬೇಡಿ, ಪ್ಲಗ್ ಬದಲಿಸಿ. ಬೀಚಿನಲ್ಲಿ ಬ್ಯಾಟರಿ ಬದಲಿಸುವಾಗ ಮರಳ ಮೇಲೆ ಇಡಬೇಡಿ, ಮುಚ್ಚಳ ಇರುವ ಡಬ್ಬಿಯೊಂದು ಜೊತೆಗಿರಲಿ. ಪ್ಲಗ್ ಒಳಗೆ ಮರಳು ಹೊಕ್ಕರೆ ಆವತ್ತಿನ ಆಟ ಮುಗಿದಂತೆ.

ವಿಮಾನದ ವಿಷಯ: ಒಯ್ಯಬಹುದು, ಆದರೆ ಕೈಚೀಲದಲ್ಲಿ ಮಾತ್ರ. ಚೆಕ್-ಇನ್ ಸೂಟ್‌ಕೇಸಿನಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಹಾಕುವಂತಿಲ್ಲ. ವೋಲ್ಟ್ ಮತ್ತು ಆಂಪಿಯರ್-ಅವರ್ ಗುಣಿಸಿ: 7.4 ವೋಲ್ಟ್, 5 ಎಎಚ್ ಅಂದರೆ 37 ವಾಟ್-ಅವರ್. 100 ವಾಟ್-ಅವರ್‌ವರೆಗೆ ವಿಶೇಷ ಅನುಮತಿ ಬೇಕಿಲ್ಲ. ಎಷ್ಟು ಬ್ಯಾಟರಿ ಎಂಬ ಮಿತಿಯನ್ನು ಟಿಕೆಟ್ ತೆಗೆದ ವಿಮಾನ ಕಂಪನಿಯಲ್ಲೇ ಮೊದಲು ಕೇಳಿಕೊಳ್ಳಿ. ಪ್ಲಗ್ ಬಾಯಿಗೆ ಟೇಪ್ ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ, ವೋಲ್ಟೇಜ್ ಬರೆದ ಚೀಟಿ ಕಾಣುವಂತಿರಲಿ. ಚೀಟಿ ಕಿತ್ತುಹೋಗಿದ್ದರೆ ದಾಬೋಳಿಮ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ವಿವರಿಸುವ ಹೊತ್ತಿಗೆ ಬೋರ್ಡಿಂಗ್ ಮುಗಿದಿರುತ್ತದೆ. ಕಾರು ಮಾತ್ರ ಬ್ಯಾಟರಿ ತೆಗೆದು ಸೂಟ್‌ಕೇಸಿಗೆ ಹಾಕಿ, ಬಟ್ಟೆಗಳ ಮಧ್ಯೆ.