ಹಸಿರು ಪಟ್ಟಿ ಬಂದರೆ ಪಾಸ್‌ವರ್ಡ್ ಗಟ್ಟಿಯೇ?

ಪ್ರಶ್ನೆ: ಬ್ಯಾಂಕ್ ಖಾತೆಗೆ ಮಗಳ ಹೆಸರು, ಅದರ ಮುಂದೆ @, ಆಮೇಲೆ ಅವಳು ಹುಟ್ಟಿದ ಇಸವಿ ಸೇರಿಸಿ ಪಾಸ್‌ವರ್ಡ್ ಮಾಡಿಕೊಂಡಿದ್ದೇನೆ. ಮೊದಲ ಅಕ್ಷರ ಕ್ಯಾಪಿಟಲ್. ಹಾಕಿದ ಕೂಡಲೇ ಹಸಿರು ಪಟ್ಟಿ ಮೂಡಿ ‘ಸ್ಟ್ರಾಂಗ್’ ಎಂದು ಬಂತು. ಮಗ ಮಾತ್ರ ಇದು ಏನೇನೂ ಸಾಲದು ಅನ್ನುತ್ತಾನೆ. ಯಾರನ್ನು ನಂಬಲಿ?
– ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಮಗ ಹೇಳಿದ್ದೇ ಸರಿ. ಎಷ್ಟೋ ಕಡೆ ಆ ಹಸಿರು ಪಟ್ಟಿ ನೋಡುವುದು ಕ್ಯಾಪಿಟಲ್ ಇದೆಯೇ, ಅಂಕಿ ಇದೆಯೇ, ಚಿಹ್ನೆ ಇದೆಯೇ ಎಂದಷ್ಟೇ. ಕದಿಯುವವನಿಗೆ ನಾವು ಪಾಸ್‌ವರ್ಡ್ ಕಟ್ಟುವ ರೀತಿಯೇ ಗೊತ್ತು: ಹೆಸರು, ಚಿಹ್ನೆ, ಇಸವಿ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್ ಸೋರಿಹೋದಾಗ ಜನರ ಅಭ್ಯಾಸವೆಲ್ಲ ಬಯಲಾಯಿತು. ಅಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದು 123456.

ಲೆಕ್ಕ ಹಾಕಿ ನೋಡಿ. ಹತ್ತು ಸಾವಿರ ಹೆಸರು, ಹತ್ತು ಚಿಹ್ನೆ, ನೂರು ಇಸವಿ. ಗುಣಿಸಿದರೆ ಒಂದು ಕೋಟಿ. ಸೋರಿದ ಮಾಹಿತಿಯನ್ನು ಹಳೇ ವಿಧಾನದಲ್ಲಿ ಗೂಢಲಿಪಿ ಮಾಡಿಟ್ಟಿದ್ದರೆ, ಗೇಮ್ ಆಡುವ ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರು ಕೋಟಿಗೂ ಮೀರಿ ಊಹೆ ಮಾಡುತ್ತದೆ. ನಿಮ್ಮದು ಕಣ್ಣು ಮಿಟುಕಿಸುವಷ್ಟರಲ್ಲಿ ಸಿಕ್ಕಿಬೀಳುತ್ತದೆ. ಅದೇ, ಚೀಟಿ ಎತ್ತಿ ಆರಿಸಿದ ಬರೀ ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳಿಗೆ 20,882 ಕೋಟಿ ಸಾಧ್ಯತೆಗಳಿವೆ. ಅಂಕಿ ಇಲ್ಲ, ಚಿಹ್ನೆ ಇಲ್ಲ, ಆದರೂ ನಿಮ್ಮದಕ್ಕಿಂತ ಇಪ್ಪತ್ತು ಸಾವಿರ ಪಟ್ಟು ಗಟ್ಟಿ. ಅದೂ ಸಾಲದು, ಆ ಕಾರ್ಡಿಗೆ ನಾಲ್ಕು ನಿಮಿಷದ ಕೆಲಸ.

ಪಾಸ್‌ವರ್ಡ್ ಕಂಡುಹಿಡಿಯಲು ಎಷ್ಟು ಊಹೆ ಬೇಕೆಂದು ಎಣಿಸುವ ಮಾಪಕಗಳೂ ಇವೆ. 2012ರಲ್ಲಿ ಡ್ರಾಪ್‌ಬಾಕ್ಸ್ ಎಂಬ ಕಂಪನಿಯವರು ಅಂಥದ್ದೊಂದನ್ನು ಹೊರತಂದರು. ಆದರೆ ಅದರ ಮೂಲ ಪಟ್ಟಿಯಲ್ಲಿದ್ದದ್ದು ಅಮೆರಿಕದ ಹೆಸರುಗಳು, ಇಂಗ್ಲಿಷ್ ಪದಗಳು. ನಮ್ಮ ಎಷ್ಟೋ ಹೆಸರುಗಳನ್ನು ಅದು ಅರ್ಥವಿಲ್ಲದ ಅಕ್ಷರಗಳೆಂದುಕೊಂಡು ಸುಮ್ಮನೆ ಹೆಚ್ಚು ಅಂಕ ಕೊಟ್ಟುಬಿಡುತ್ತದೆ.

ನನಗೆ ಹಿಡಿಸಿದ್ದು ದಾಳದ ದಾರಿ. 1995ರಿಂದ ಬಳಕೆಯಲ್ಲಿರುವ ಡೈಸ್‌ವೇರ್ ಎಂಬ ವಿಧಾನದಲ್ಲಿ ಐದು ಸಲ ದಾಳ ಉರುಳಿಸಿದರೆ 7,776 ಪದಗಳ ಪಟ್ಟಿಯಿಂದ ಒಂದು ಪದ ಬರುತ್ತದೆ. ಹೀಗೆ ಐದು ಪದ ಸಾಲಾಗಿ ಬರೆದರೆ, ಸೆಕೆಂಡಿಗೆ ನೂರು ಕೋಟಿ ಊಹೆಯ ವೇಗದಲ್ಲಿ ಎಲ್ಲವನ್ನೂ ಮುಗಿಸಲು ಸುಮಾರು 900 ವರ್ಷ ಬೇಕು. ಪದವನ್ನು ದಾಳವೇ ಆರಿಸಲಿ, ನೀವು ಆರಿಸಬೇಡಿ. ಎಲ್ಲರಿಗೂ ಬಾಯಿಪಾಠವಾಗಿರುವ ವಚನದ ಸಾಲು, ಗಾದೆ ಖಂಡಿತ ಬೇಡ. ಬ್ಯಾಂಕು ಅಂಕಿ, ಚಿಹ್ನೆ ಬೇಕೇ ಬೇಕು ಎಂದರೆ ಕೊನೆಗೆ ಒಂದೊಂದು ಸೇರಿಸಿ.

ನಾಲ್ಕಾರು ಸಲ ತಪ್ಪಾದರೆ ಬ್ಯಾಂಕು ಖಾತೆಯನ್ನು ಲಾಕ್ ಮಾಡುತ್ತದೆ, ನಿಜ. ನನಗೆ ಹೆದರಿಕೆ ಬೇರೆ: ಇದೇ ಪಾಸ್‌ವರ್ಡನ್ನು ಯಾವುದೋ ಸೀರೆ ಅಂಗಡಿಯ ಆ್ಯಪಿಗೂ ಹಾಕಿದ್ದರೆ, ಅಲ್ಲಿ ಸೋರಿದ್ದು ಬ್ಯಾಂಕಿಗೆ ಮೊದಲ ಯತ್ನದಲ್ಲೇ ಹೊಂದುತ್ತದೆ. ಬ್ಯಾಂಕಿನದನ್ನು ಇವತ್ತೇ ಬದಲಾಯಿಸಿ. ಮರೆಯುವ ಭಯವಿದ್ದರೆ ಚೀಟಿಯಲ್ಲಿ ಬರೆದು ಬೀರುವಿನಲ್ಲಿ, ಒಡವೆಯ ಜೊತೆ ಇಟ್ಟುಕೊಳ್ಳಿ.